ಅಂಪೈರ್ ಎಂದರೆ ದೊಡ್ಡವನಲ್ಲ, ಬೆಸದವನು: ಒಂದು ಪದದ ಹಿಂದಿನ ಕಥೆ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಹೆಸರನ್ನು ನೀವು ಸುದ್ದಿಯಲ್ಲಿ ಕೇಳಿರಬಹುದು. ಚಂದ್ರಯಾನದ ಲ್ಯಾಂಡರ್ ಇಳಿಯುವ ಜಾಗವನ್ನು ಸರಿಯಾಗಿ ಗುರುತಿಸುತ್ತದೆಯೇ ಎಂದು ಪರೀಕ್ಷಿಸಲು ಇಸ್ರೋ ಚಂದ್ರನ ಮೇಲಿರುವಂಥ ಕೃತಕ ಕುಳಿಗಳನ್ನು ತೋಡಿಸಿದ್ದು ಇಲ್ಲೇ. ಆದರೆ ನಾವು ಇವತ್ತು ಹೇಳಹೊರಟಿರುವುದು ಚಂದ್ರನ ಕಥೆಯಲ್ಲ. ಆ ಕಾವಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ, ಹಾಗೆ ನೋಡಿದರೆ ಕರ್ನಾಟಕದ ಯಾವುದೇ ಹಳ್ಳಿಯಲ್ಲಿ, ಸಂಜೆ ಐದರ ಹೊತ್ತಿಗೆ ಕೇಳಿಬರುವ ಒಂದು ಜಗಳದ ಕಥೆ.

ಕಡಲೆಕಾಯಿ ಕಿತ್ತ ಹೊಲವೋ, ನೀರಿಲ್ಲದ ಕೆರೆಯಂಗಳವೋ, ಯಾವುದಾದರೂ ಒಂದು ಬಯಲು. ಟೆನಿಸ್ ಬಾಲು, ಮೂರು ಕೋಲು. ಚೆಂಡು ವಿಕೆಟ್‌ಗೆ ಬಡಿಯುವುದಕ್ಕೂ ಬ್ಯಾಟು ಗೆರೆ ದಾಟುವುದಕ್ಕೂ ಕೂದಲೆಳೆಯ ಅಂತರ. "ಔಟ್!" ಎಂದು ಹತ್ತು ಕಂಠ ಒಟ್ಟಿಗೆ ಕೂಗುತ್ತವೆ. ಅಂಪೈರ್ ಆಗಿ ನಿಂತ ಹುಡುಗ "ನಾಟೌಟ್" ಅನ್ನುತ್ತಾನೆ. ತಕ್ಷಣ ಬರುವ ಮಾತು ಎಲ್ಲರಿಗೂ ಗೊತ್ತು: "ಅವ್ನು ನಿಮ್ಮೋನೇ ಅಲ್ಲೇನ್ಲೇ? ನಾಟೌಟ್ ಅನ್ನದೆ ಇನ್ನೇನ್ ಅಂತಾನೆ!"

ಹೌದು, ಅವನು ಅವರವನೇ. ಬ್ಯಾಟಿಂಗ್ ಮಾಡುವ ತಂಡದಲ್ಲಿ ತನ್ನ ಸರದಿಗಾಗಿ ಕಾಯುತ್ತಿರುವವನನ್ನೇ ಅಂಪೈರ್ ಆಗಿ ನಿಲ್ಲಿಸುವುದು ನಮ್ಮ ಬಯಲುಗಳ ಹಳೆಯ ಪದ್ಧತಿ. ಆ ಹುಡುಗ ಸುಳ್ಳು ಹೇಳಿದನೋ ನಿಜ ಹೇಳಿದನೋ ಯಾರೂ ವಿಚಾರಿಸುವುದಿಲ್ಲ. ಅವನು ಯಾರ ಕಡೆಯವನು ಎಂಬುದೊಂದೇ ಪ್ರಶ್ನೆ.

ಅಂಪೈರ್ ಎಂಬ ಪದ ಹುಟ್ಟಿದ್ದೂ ಇದೇ ಪ್ರಶ್ನೆಗೆ ಉತ್ತರವಾಗಿ. ಆ ಪದದ ಮೂಲ ಅರ್ಥ 'ನ್ಯಾಯಾಧೀಶ' ಎಂದಲ್ಲ, 'ಅಧಿಕಾರಿ' ಎಂದೂ ಅಲ್ಲ. 'ಯಾರ ಜೋಡಿಯೂ ಅಲ್ಲದವನು' ಎಂದು.

ಅಂಪೈರ್‌ಗೂ ಎಂಪೈರ್‌ಗೂ ಸಂಬಂಧವಿದೆಯೇ?

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಕಿವಿಗೆ ಒಂದೇ ಥರ ಕೇಳುವುದರಿಂದ ಅಂಪೈರ್ ಎಂಬುದು 'ಎಂಪೈರ್', ಅಂದರೆ ಸಾಮ್ರಾಜ್ಯ ಎಂಬ ಪದದ ತಮ್ಮನಿರಬೇಕು ಎಂದು ಅನ್ನಿಸುವುದು ಸಹಜ. ಮೈದಾನದ ಚಕ್ರವರ್ತಿ, ಅವನು ಬೆರಳೆತ್ತಿದರೆ ಮುಗಿಯಿತು ಎಂಬ ಭಾವನೆಗೆ ಈ ವಿವರಣೆ ಚೆನ್ನಾಗಿಯೇ ಹೊಂದುತ್ತದೆ.

ಆದರೆ ಎರಡೂ ಪದಗಳ ಬೇರು ಬೇರೆ ಬೇರೆ. ಎಂಪೈರ್ ಬಂದದ್ದು ಆಳ್ವಿಕೆ, ಆಜ್ಞೆ ಎಂಬ ಅರ್ಥದ 'ಇಂಪೇರಿಯಂ' ಎಂಬ ಲ್ಯಾಟಿನ್ ಪದದಿಂದ. ಅಂಪೈರ್ ಬಂದದ್ದು ಸಮ, ಜೋಡಿ ಎಂಬ ಅರ್ಥದ 'ಪಾರ್' ಎಂಬ ಇನ್ನೊಂದು ಲ್ಯಾಟಿನ್ ಪದದಿಂದ. ನಾವು ದಿನವೂ ಆಡುವ "ಒಂದು ಪೇರ್ ಚಪ್ಪಲಿ" ಎಂಬ ಮಾತಿನಲ್ಲಿರುವ 'ಪೇರ್' ಕೂಡ ಇದೇ 'ಪಾರ್' ಕುಟುಂಬದ್ದು. ಅಂದರೆ ನಿಮ್ಮ ಕಾಲಿನ ಚಪ್ಪಲಿಗೂ ಮೈದಾನದ ಅಂಪೈರ್‌ಗೂ ಇರುವ ನಂಟು, ಸಾಮ್ರಾಟನಿಗೂ ಅಂಪೈರ್‌ಗೂ ಇಲ್ಲ.

ಕಳೆದುಹೋದ 'ನ'ಕಾರ

ಹಳೆಯ ಫ್ರೆಂಚ್ ಭಾಷೆಯಲ್ಲಿ 'ನೊನ್‌ಪೆರ್' ಎಂಬ ಪದವಿತ್ತು. 'ನೊನ್' ಎಂದರೆ ಅಲ್ಲ, 'ಪೆರ್' ಎಂದರೆ ಸಮ ಅಥವಾ ಜೋಡಿ. ಈ ಪದ ಇಂಗ್ಲೆಂಡಿಗೆ ಹೋಗಿ 14ನೇ ಶತಮಾನದ ಹೊತ್ತಿಗೆ 'ನೌಂಪೆರ್' ಆಯಿತು. ಹಾಗಾದರೆ ಮುಂದಿದ್ದ 'ನ' ಎಲ್ಲಿ ಹೋಯಿತು?

ಇಂಗ್ಲಿಷಿನಲ್ಲಿ 'ಒಂದು' ಎಂಬುದಕ್ಕೆ ವ್ಯಂಜನದ ಮುಂದೆ 'ಅ' ಎಂದೂ ಸ್ವರದ ಮುಂದೆ 'ಅನ್' ಎಂದೂ ಬಳಸುತ್ತಾರೆ. 'ಅ ನೌಂಪೆರ್' ಎಂದು ಬೇಗ ಹೇಳಿದಾಗ ಕೇಳುವವರ ಕಿವಿಗೆ ಅದು 'ಅನ್ ಔಂಪೆರ್' ಎಂದೂ ಕೇಳಬಹುದು. ಪದ ಎಲ್ಲಿ ಶುರುವಾಯಿತು ಎಂಬುದನ್ನು ಕಿವಿ ತಪ್ಪಾಗಿ ಕತ್ತರಿಸಿತು. 'ನ' ಪಕ್ಕದ ಪದಕ್ಕೆ ಅಂಟಿಕೊಂಡಿತು. ಉಳಿದದ್ದು ಔಂಪೆರ್, ಮುಂದೆ ಅಂಪೈರ್.

ಇದು ವಿಚಿತ್ರ ಎನ್ನಿಸಿದರೆ ನಮ್ಮದೇ ಒಂದು ಉದಾಹರಣೆ ನೋಡಿ. "ಅವನೆಲ್ಲಿ?" ಎಂದು ಜೋರಾಗಿ ಕೇಳಿ. ಕನ್ನಡ ಬಲ್ಲವರಿಗೆ ಅದು 'ಅವನು ಎಲ್ಲಿ' ಎಂಬುದು ಗೊತ್ತು. ಆದರೆ ಕನ್ನಡ ಈಗಷ್ಟೇ ಕಲಿಯುತ್ತಿರುವವರ ಕಿವಿಗೆ 'ಅವ' ಮತ್ತು 'ನೆಲ್ಲಿ' ಎಂದು ಎರಡಾಗಿ ಕೇಳಿಸಿ, ಇಲ್ಲಿ ನೆಲ್ಲಿಕಾಯಿ ಯಾಕೆ ಬಂತು ಎಂದು ಅವರು ತಲೆ ಕೆರೆದುಕೊಳ್ಳಬಹುದು. ಮಾತಿನಲ್ಲಿ ಪದಗಳ ನಡುವೆ ಖಾಲಿ ಜಾಗ ಇರುವುದಿಲ್ಲ. ಬರಹದಲ್ಲಿ ಮಾತ್ರ ಇರುತ್ತದೆ. ಹೆಚ್ಚಿನವರಿಗೆ ಓದು ಬರಹ ಬಾರದ ಕಾಲದಲ್ಲಿ ಇಂಥ ತಪ್ಪು ಕತ್ತರಿಕೆ ಭಾಷೆಯಲ್ಲೇ ನಿಂತುಬಿಡುತ್ತಿತ್ತು.

ಹೀಗೆ 'ನ' ಕಳೆದುಕೊಂಡ ಪದ ಇದೊಂದೇ ಅಲ್ಲ. ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ ಮೊದಲು 'ನೇಪ್ರನ್' ಆಗಿತ್ತು. ಕಿತ್ತಳೆಯ ಇಂಗ್ಲಿಷ್ ಹೆಸರು ಆರೆಂಜ್ ಕೂಡ ಇಂಥದ್ದೇ. ಸಂಸ್ಕೃತದ 'ನಾರಂಗ' ಪರ್ಷಿಯನ್, ಅರೇಬಿಕ್ ದಾಟಿ ಯುರೋಪಿಗೆ ಹೋದಾಗ ಸ್ಪ್ಯಾನಿಷ್ ಭಾಷೆ ಅದರ 'ನ'ವನ್ನು ಉಳಿಸಿಕೊಂಡು 'ನರಾಂಹಾ' ಎಂದಿತು. ಫ್ರೆಂಚರ ಬಾಯಲ್ಲಿ ಮುಂದಿನ 'ನ' ಉದುರಿಹೋಯಿತು. ಇಂಗ್ಲಿಷಿಗೆ ಸಿಕ್ಕಿದ್ದು ಆ ಉದುರಿದ ರೂಪ.

ಸಾಟಿಯಿಲ್ಲದವನೋ, ಜೋಡಿಯಿಲ್ಲದವನೋ?

ಈಗ ಮುಖ್ಯ ವಿಷಯಕ್ಕೆ ಬರೋಣ. 'ಸಮ ಅಲ್ಲದವನು' ಎಂಬುದನ್ನು ಎರಡು ರೀತಿ ಅರ್ಥ ಮಾಡಿಕೊಳ್ಳಬಹುದು. ಒಂದು, ಸಾಟಿಯಿಲ್ಲದವನು, ಎಲ್ಲರಿಗಿಂತ ಮೇಲಿನವನು. ಇನ್ನೊಂದು, ಜೋಡಿಯಿಲ್ಲದವನು, ಬೆಸದವನು. ಪದ ಹುಟ್ಟಿದ್ದು ಎರಡನೆಯ ಅರ್ಥದಲ್ಲಿ.

ನಾವು ಶಾಲೆಯಲ್ಲಿ ಕಲಿತ ಸಮ ಸಂಖ್ಯೆ, ಬೆಸ ಸಂಖ್ಯೆಯನ್ನು ನೆನಪಿಸಿಕೊಳ್ಳಿ. ಸಮ ಸಂಖ್ಯೆಯನ್ನು ಎರಡು ಸರಿಪಾಲು ಮಾಡಬಹುದು. ಬೆಸ ಸಂಖ್ಯೆಯಲ್ಲಿ ಒಂದು ಉಳಿದೇ ಉಳಿಯುತ್ತದೆ. ಜಗಳದಲ್ಲಿ ಇಬ್ಬರಿದ್ದರೆ ಅದು ಸಮ. ಒಬ್ಬ ಹೌದು ಅಂದರೆ ಇನ್ನೊಬ್ಬ ಅಲ್ಲ ಅನ್ನುತ್ತಾನೆ, ತಕ್ಕಡಿ ಅಲುಗದೆ ನಿಲ್ಲುತ್ತದೆ. ಮೂರನೆಯವನೊಬ್ಬ ಬಂದರೆ ಲೆಕ್ಕ ಬೆಸವಾಗುತ್ತದೆ, ತಕ್ಕಡಿ ಒಂದು ಕಡೆ ವಾಲಲೇಬೇಕು. ಆ ಬೆಸದವನೇ ನೌಂಪೆರ್. ಅವನು ದೊಡ್ಡವನೇ ಆಗಬೇಕಿಲ್ಲ, ಎರಡು ಬದಿಯಲ್ಲಿ ಯಾವುದಕ್ಕೂ ಸೇರಿರಬಾರದು, ಅಷ್ಟೆ.

ಇದಕ್ಕೆ 14ನೇ ಶತಮಾನದ ಒಂದು ಸೊಗಸಾದ ಸಾಕ್ಷಿಯಿದೆ. ವಿಲಿಯಂ ಲ್ಯಾಂಗ್‌ಲ್ಯಾಂಡ್ ಬರೆದ 'ಪಿಯರ್ಸ್ ಪ್ಲೌಮನ್' ಎಂಬ ಇಂಗ್ಲಿಷ್ ಕಾವ್ಯದಲ್ಲಿ ಹೆಂಡದಂಗಡಿಯ ಒಂದು ದೃಶ್ಯ ಬರುತ್ತದೆ. ಚಮ್ಮಾರ ಕ್ಲೆಮೆಂಟ್ ತನ್ನ ನಿಲುವಂಗಿಯನ್ನು, ಕುದುರೆ ನೋಡಿಕೊಳ್ಳುವ ಹಿಕ್ ತನ್ನ ತಲೆಮುಸುಕನ್ನು ಅದಲು ಬದಲು ಮಾಡಿಕೊಳ್ಳಲು ಹೊರಡುತ್ತಾರೆ. ಯಾವುದಕ್ಕೆ ಬೆಲೆ ಹೆಚ್ಚು, ಯಾರು ಯಾರಿಗೆ ಮೇಲೆ ಏನು ಕೊಡಬೇಕು ಎಂದು ಹೇಳಲು ನೇಮಿಸಿದವರಲ್ಲೇ ಒಮ್ಮತ ಮೂಡುವುದಿಲ್ಲ. ಕೊನೆಗೆ ರಾಬಿನ್ ಎಂಬವನನ್ನು ನೌಂಪೆರ್ ಎಂದು ಕರೆಯುತ್ತಾರೆ, ವ್ಯಾಪಾರ ಮುಗಿಯುತ್ತದೆ.

ಈ ರಾಬಿನ್ ಯಾರು? ಊರಿನ ಗೌಡನಲ್ಲ, ಪಾದ್ರಿಯಲ್ಲ, ನ್ಯಾಯಾಧೀಶನಲ್ಲ. ಹಗ್ಗ ಹೊಸೆಯುವವನು. ನಿಲುವಂಗಿ ಅವನದಲ್ಲ, ಮುಸುಕೂ ಅವನದಲ್ಲ. ಅಷ್ಟು ಅರ್ಹತೆ ಸಾಕಾಯಿತು. ದನದ ಸಂತೆಯಲ್ಲಿ ಐನೂರು ರೂಪಾಯಿಗೆ ಹಗ್ಗ ಜಗ್ಗಾಡುತ್ತಿರುವ ಇಬ್ಬರ ನಡುವೆ ಮೂರನೆಯವರೊಬ್ಬರು ಬಂದು "ಅವ್ನೂ ಬ್ಯಾಡ, ನೀನೂ ಬ್ಯಾಡ, ಇಷ್ಟಕ್ಕೆ ಮುಗ್ಸಿ" ಎಂದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಈ ದೃಶ್ಯ ಹೊಸದೇನೂ ಅಲ್ಲ.

ಕ್ರೀಡೆಗಿಂತ ಮೊದಲು ಕಾನೂನಿನಲ್ಲಿ

ಅಂಪೈರ್ ಮೊದಲು ಓಡಾಡಿದ್ದು ಮೈದಾನದಲ್ಲಲ್ಲ, ವ್ಯಾಜ್ಯಗಳಲ್ಲಿ. ಇಬ್ಬರಿಗೆ ತಕರಾರು ಬಂದರೆ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥಗಾರನನ್ನು ಆರಿಸುತ್ತಿದ್ದರು. ಆ ಇಬ್ಬರೂ ಒಪ್ಪಿದರೆ ಸರಿ. ಒಪ್ಪದಿದ್ದರೆ? ಆಗ ಅಂಪೈರ್ ಬರುತ್ತಿದ್ದ.

ಈ ಹಳೆಯ ಅರ್ಥ ನಮ್ಮ ದೇಶದ ಕಾನೂನಿನಲ್ಲೂ ಬಹಳ ಕಾಲ ಜೀವಂತವಾಗಿತ್ತು. 1940ರ ಭಾರತದ ಮಧ್ಯಸ್ಥಿಕೆ ಕಾಯ್ದೆಯನ್ನು ತೆಗೆದು ನೋಡಿದರೆ ಅದರಲ್ಲಿ ಅಂಪೈರ್ ಎಂಬ ಪದವೇ ಇದೆ. ಮಧ್ಯಸ್ಥಗಾರರ ಸಂಖ್ಯೆ ಸಮವಾಗಿದ್ದರೆ ಅವರು ಒಂದು ತಿಂಗಳೊಳಗೆ ಒಬ್ಬ ಅಂಪೈರ್‌ನನ್ನು ನೇಮಿಸಬೇಕು. ಅವರಲ್ಲಿ ಒಮ್ಮತ ಬಾರದಿದ್ದರೆ ಇಡೀ ವ್ಯಾಜ್ಯ ಅಂಪೈರ್ ಕೈಗೆ ಹೋಗುತ್ತದೆ. ಆ ಕಾಯ್ದೆಯ ಜಾಗಕ್ಕೆ ಬಂದ 1996ರ ಕಾಯ್ದೆ ಅಂಪೈರ್ ಎಂಬ ಪದವನ್ನು ಕೈಬಿಟ್ಟಿತು, ಆದರೆ ಅದರ ಅರ್ಥವನ್ನು ಉಳಿಸಿಕೊಂಡಿತು. ಅದರ 10ನೇ ಸೆಕ್ಷನ್ ಪ್ರಕಾರ ಎಷ್ಟು ಮಧ್ಯಸ್ಥಗಾರರು ಇರಬೇಕೆಂದು ಪಕ್ಷಗಾರರೇ ನಿರ್ಧರಿಸಬಹುದು, ಆದರೆ ಆ ಸಂಖ್ಯೆ ಸಮ ಸಂಖ್ಯೆ ಆಗಿರಬಾರದು. ಅಂದರೆ ಬೆಸ ಇರಲೇಬೇಕು ಎಂದು ಕಾನೂನೇ ಹೇಳುತ್ತದೆ.

ಉಳ್ಳಾರ್ತಿ ಕಾವಲಿಗೂ ಈ ಬೆಸದ ಲೆಕ್ಕಕ್ಕೂ ಒಂದು ನಂಟಿದೆ. ಕಾವಲ್ ಎಂದರೆ ಅಮೃತಮಹಲ್ ರಾಸುಗಳ ಮೇವಿಗಾಗಿ ಮೈಸೂರು ಅರಸರ ಕಾಲದಿಂದ ಕಾಯ್ದಿರಿಸಿಕೊಂಡು ಬಂದ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿಗಾಹಿಗಳಿಗೂ ದನಗಾಹಿಗಳಿಗೂ ಅದೇ ಆಸರೆ. ಚಳ್ಳಕೆರೆ ತಾಲ್ಲೂಕಿನ ಇಂಥ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣೆ ಮತ್ತು ಅಣುಶಕ್ತಿ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಲಾಯಿತು. ಆ ಬಗ್ಗೆ ಎದ್ದ ತಕರಾರು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠಕ್ಕೆ ಹೋಗಿ 2014ರಲ್ಲಿ ಅಲ್ಲಿಂದ ತೀರ್ಪು ಬಂತು.

ಆ ನ್ಯಾಯಮಂಡಳಿಯ ಕಾಯ್ದೆಯನ್ನು ಓದಿದರೆ ಅಲ್ಲೂ ರಾಬಿನ್ ಕಾಣಿಸುತ್ತಾನೆ. ಪೀಠದಲ್ಲಿ ಕಾನೂನು ಬಲ್ಲವರೂ ವಿಷಯ ತಜ್ಞರೂ ಕೂರುತ್ತಾರೆ. ಅವರ ಅಭಿಪ್ರಾಯ ಸರಿಸಮವಾಗಿ ಒಡೆದರೆ, ಅದುವರೆಗೆ ಆ ಪ್ರಕರಣವನ್ನು ಕೇಳಿರದ ಅಧ್ಯಕ್ಷರು ಅದನ್ನು ಕೇಳಿ ತೀರ್ಮಾನಿಸಬೇಕು ಎಂದು 21ನೇ ಸೆಕ್ಷನ್ ಹೇಳುತ್ತದೆ. ಹೆಂಡದಂಗಡಿಯ ನಿಲುವಂಗಿಯಾಗಲಿ, ಸಾವಿರಾರು ಎಕರೆ ಹುಲ್ಲುಗಾವಲಾಗಲಿ, ಲೆಕ್ಕ ಸಮವಾಗಿ ನಿಂತರೆ ಒಬ್ಬ ಬೆಸದವರು ಬೇಕು.

ಹಾಗಾದರೆ ರೆಫರಿ ಯಾರು?

ಕ್ರಿಕೆಟ್‌ನಲ್ಲಿ ಅಂಪೈರ್, ಫುಟ್‌ಬಾಲ್‌ನಲ್ಲಿ ರೆಫರಿ. ಎರಡೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಪದದ ದೃಷ್ಟಿಯಿಂದ ಒಂದೇ ಅಲ್ಲ.

"ಚಳ್ಳಕೆರೆ ಡಾಕ್ಟ್ರು ದಾವಣಗೆರೆಗೆ ರೆಫರ್ ಮಾಡಿದ್ರು" ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ರೆಫರ್ ಎಂಬುದೇ ರೆಫರಿಯ ಮೂಲ. ಬ್ಯಾಂಕಿನ ಅರ್ಜಿಯಲ್ಲಿ 'ನಾಮಿನಿ' ಎಂಬ ಪದವನ್ನು ಎಲ್ಲರೂ ನೋಡಿರುತ್ತೇವೆ. ಯಾರನ್ನು ನಾಮಕರಣ ಮಾಡಲಾಗಿದೆಯೋ ಅವರು ನಾಮಿನಿ. ಹಾಗೆಯೇ ಯಾರಿಗೆ ವಿಷಯವನ್ನು ರೆಫರ್ ಮಾಡಲಾಗಿದೆಯೋ ಅವರು ರೆಫರಿ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅರ್ಜಿಗಳನ್ನು ಪರಿಶೀಲಿಸಲು ನೇಮಕವಾದವರನ್ನು ಹೀಗೆ ಕರೆಯುತ್ತಿದ್ದರು. ಅಂದರೆ ರೆಫರಿ ತಾನಾಗಿ ಮೂಗು ತೂರಿಸುವವನಲ್ಲ. ಜಗಳ ಅವನ ಬಳಿಗೆ ಹೋಗಬೇಕು.

ಫುಟ್‌ಬಾಲ್‌ನ ಇತಿಹಾಸದಲ್ಲಿ ಇದು ಅಕ್ಷರಶಃ ನಿಜವಾಗಿತ್ತು. 19ನೇ ಶತಮಾನದ ಇಂಗ್ಲೆಂಡಿನ ಪಂದ್ಯಗಳಲ್ಲಿ ಇಬ್ಬರು ಅಂಪೈರ್‌ಗಳಿರುತ್ತಿದ್ದರು, ತಂಡಕ್ಕೊಬ್ಬರಂತೆ. ಅವರಿಬ್ಬರಿಗೂ ಒಮ್ಮತ ಬಾರದಿದ್ದಾಗ ಮೈದಾನದ ಹೊರಗಿದ್ದ ಮೂರನೆಯವನಿಗೆ ವಿಷಯವನ್ನು ರೆಫರ್ ಮಾಡುತ್ತಿದ್ದರು. ಅವನೇ ರೆಫರಿ. 1891ರಲ್ಲಿ ರೆಫರಿಯನ್ನು ಮೈದಾನದೊಳಕ್ಕೆ ಕರೆತಂದು ಪೂರ್ತಿ ಅಧಿಕಾರ ಕೊಟ್ಟರು. ಇಬ್ಬರು ಅಂಪೈರ್‌ಗಳು ಗೆರೆಯಾಚೆ ಸರಿದು ಲೈನ್ಸ್‌ಮನ್ ಆದರು.

ಇದರಲ್ಲಿರುವ ತಮಾಷೆ ಗಮನಿಸಿದಿರಾ? ತಂಡಕ್ಕೊಬ್ಬರಂತೆ ಇಬ್ಬರು ಅಂಪೈರ್ ಎಂದರೆ ಅದು ಜೋಡಿಯೇ ಆಯಿತು. 'ಜೋಡಿಯಲ್ಲದವನು' ಎಂಬ ಹೆಸರು ಹೊತ್ತವರೇ ಜೋಡಿಯಾಗಿ ನಿಂತಾಗ ಬೆಸದವನ ಕೆಲಸಕ್ಕೆ ರೆಫರಿ ಎಂಬ ಇನ್ನೊಂದು ಹೆಸರು ಬೇಕಾಯಿತು. ಪದ ತನ್ನ ಅರ್ಥ ಮರೆತರೂ ಕೆಲಸವನ್ನು ಯಾರಾದರೊಬ್ಬರು ಮಾಡಲೇಬೇಕಲ್ಲ.

ಈ ಏರ್ಪಾಡನ್ನು ಇಂದಿಗೂ ನೋಡಬೇಕೆಂದರೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಿಮ್ಮ ಊರಿನ ಶಾಲಾ ಕ್ರೀಡಾಕೂಟಕ್ಕೆ ಹೋದರೆ ಸಾಕು. ಕಬಡ್ಡಿಯಲ್ಲಿ ಇಬ್ಬರು ಅಂಪೈರ್‌ಗಳು, ಒಬ್ಬ ರೆಫರಿ. ಸಾಮಾನ್ಯವಾಗಿ ಅಂಪೈರ್‌ಗಳ ಮಾತೇ ಅಂತಿಮ. ಅವರಿಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ರೆಫರಿ ತೀರ್ಮಾನಿಸುತ್ತಾರೆ. ಖೊಖೊದಲ್ಲೂ ಅಷ್ಟೆ. ಮುಂದಿನ ಸಲ ಕಬಡ್ಡಿ ನೋಡುವಾಗ ಅಂಕಣದ ಎರಡು ಬದಿಯಲ್ಲಿ ಎದುರುಬದುರಾಗಿ ನಿಂತ ಇಬ್ಬರನ್ನೂ, ಮೂರನೆಯವರಾಗಿ ನಿಂತ ರೆಫರಿಯನ್ನೂ ಗಮನಿಸಿ. ಎರಡು ಮತ್ತು ಒಂದು, ಅದೇ ಬೆಸ.

ಕೇಳಿದರೆ ಮಾತ್ರ ಉತ್ತರ

ಕ್ರಿಕೆಟ್‌ನಲ್ಲಿ ಒಂದು ಹಳೆಯ ನಿಯಮವಿದೆ. ಫೀಲ್ಡಿಂಗ್ ಮಾಡುವವರು ಅಪೀಲು ಮಾಡದಿದ್ದರೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ. 1744ರ ನಿಯಮಗಳಲ್ಲೇ ಇದು ಇದೆ, ಈಗಿನ ನಿಯಮಗಳಲ್ಲಿ 31ನೆಯದಾಗಿ ಉಳಿದುಕೊಂಡಿದೆ. ಕೋರ್ಟಿಗೆ ಅಪೀಲು ಹೋಗುವುದೂ ಬೌಲರ್ ಎರಡೂ ಕೈ ಎತ್ತಿ ಅಪೀಲು ಮಾಡುವುದೂ ಒಂದೇ ಪದ ಎಂಬುದು ಕಾಕತಾಳೀಯವಲ್ಲ. ಬೆಸದವನ ಕೆಲಸ ತಕರಾರನ್ನು ಹುಟ್ಟಿಸುವುದಲ್ಲ, ಬಂದ ತಕರಾರನ್ನು ತೀರಿಸುವುದು. ವ್ಯಾಜ್ಯದ ನಡತೆ ಹಾಗೆಯೇ ಆಟದೊಳಕ್ಕೂ ಬಂದಿದೆ.

ಬೆರಳು ಎತ್ತಿದವರು ಯಾರ ಊರಿನವರು?

ಕ್ರಿಕೆಟ್ ಈ ಬೆಸದ ಪಾಠವನ್ನು ಪೂರ್ತಿಯಾಗಿ ಕಲಿಯಲು ಬಹಳ ಕಾಲ ಹಿಡಿಯಿತು. ದಶಕಗಳ ಕಾಲ ಟೆಸ್ಟ್ ಪಂದ್ಯಗಳಿಗೆ ಆತಿಥೇಯ ದೇಶದ ಅಂಪೈರ್‌ಗಳೇ ನಿಲ್ಲುತ್ತಿದ್ದರು. ಸೋತ ತಂಡ ಊರಿಗೆ ಹಿಂದಿರುಗಿ "ಅವರ ಅಂಪೈರ್‌ಗಳೇ ನಮ್ಮನ್ನು ಸೋಲಿಸಿದರು" ಎನ್ನುವುದು ವಾಡಿಕೆಯಾಗಿತ್ತು. ನಮ್ಮ ಬಯಲಿನ ಜಗಳವೇ ದೇಶ ದೇಶಗಳ ನಡುವೆ.

1986ರ ನವೆಂಬರ್‌ನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ನಡುವೆ ಲಾಹೋರ್‌ನಲ್ಲಿ ಟೆಸ್ಟ್ ನಡೆದಾಗ ಇಬ್ಬರು ಭಾರತೀಯರು ಅಂಪೈರ್‌ಗಳಾಗಿ ನಿಂತರು: ಪಿಲೂ ರಿಪೋರ್ಟರ್ ಮತ್ತು ವಿ.ಕೆ. ರಾಮಸ್ವಾಮಿ. ಪಾಕಿಸ್ತಾನದ ನಾಯಕ ಇಮ್ರಾನ್ ಖಾನ್ ತಟಸ್ಥ ಅಂಪೈರ್‌ಗಳು ಬೇಕೆಂದು ಪಟ್ಟು ಹಿಡಿದಿದ್ದರು. 1994ರಿಂದ ಪ್ರತಿ ಟೆಸ್ಟ್‌ಗೂ ಇಬ್ಬರಲ್ಲಿ ಒಬ್ಬರು ಮೂರನೇ ದೇಶದವರು ಎಂಬ ನಿಯಮ ಬಂತು.

ಆ ನಿಯಮ ಜಾರಿಯಲ್ಲಿದ್ದ ಕಾಲದ್ದೇ ಕರ್ನಾಟಕದವರು ಮರೆಯಲಾರದ ಒಂದು ದಿನ: 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಗೆಲ್ಲಲು 420 ರನ್ ಬೇಕಿದ್ದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿತ್ತು. ಅಲ್ಲಿಂದ ಅನಿಲ್ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್ ಪಡೆದರು. ಪಾಕಿಸ್ತಾನ 207ಕ್ಕೆ ಆಲೌಟ್. ಕುಂಬ್ಳೆ 74 ರನ್‌ಗೆ 10.

ಅಂದು ಒಬ್ಬ ಅಂಪೈರ್ ವೆಸ್ಟ್ ಇಂಡೀಸ್‌ನ ಸ್ಟೀವ್ ಬಕ್ನರ್. ಇನ್ನೊಬ್ಬರು, ಕುಂಬ್ಳೆ ವಿಕೆಟ್ ಪಡೆದ ತುದಿಯಲ್ಲಿ ನಿಂತಿದ್ದವರು, ಎ.ವಿ. ಜಯಪ್ರಕಾಶ್. ಕರ್ನಾಟಕದ ಪರ ರಣಜಿ ಆಡಿದ್ದವರು. ಬೌಲರ್ ನಮ್ಮವರು, ಅಂಪೈರ್ ಕೂಡ ನಮ್ಮವರು.

ಹತ್ತು ವಿಕೆಟ್‌ಗಳಲ್ಲಿ ಎರಡು ಬೌಲ್ಡ್, ಅಲ್ಲಿ ಕೋಲು ಬಿದ್ದದ್ದೇ ತೀರ್ಪು. ಉಳಿದವು ಐದು ಕ್ಯಾಚ್, ಮೂರು ಎಲ್‌ಬಿಡಬ್ಲ್ಯು. ಮೊದಲು ಔಟಾದ ಶಾಹಿದ್ ಅಫ್ರಿದಿ ಚೆಂಡು ತನ್ನ ಬ್ಯಾಟಿಗೆ ತಾಗಿರಲಿಲ್ಲ ಎಂದೇ ಹೇಳಿದ್ದಾರೆ. ಔಟಾದವರಿಗೆ ಅನುಮಾನ, ಗೆದ್ದವರಿಗೆ ಹೆಮ್ಮೆ. ಇಲ್ಲಿ ನಾವು ಹೇಳಬಯಸುವುದು ಒಂದೇ. ಅಂಥ ಅದ್ಭುತ ಸಾಧನೆಯ ಬಗ್ಗೆಯೂ, ಪ್ರಾಮಾಣಿಕವಾಗಿ ನಿಂತ ಅಂಪೈರ್ ಬಗ್ಗೆಯೂ "ಅವರವರೇ" ಎಂಬ ಮಾತು ಹುಟ್ಟಲು ತೀರ್ಪು ತಪ್ಪಾಗಿರಬೇಕು ಎಂದೇನಿಲ್ಲ. ಅಂಪೈರ್‌ನ ಊರು ಯಾವುದೆಂದು ಗೊತ್ತಿದ್ದರೆ ಸಾಕು. ಬೆಸದವರು ನಿಂತರೆ ಅದರಿಂದ ಸೋತವನಿಗೆ ಮಾತ್ರ ಲಾಭವಲ್ಲ. ಗೆದ್ದವನ ಗೆಲುವಿಗೂ ಅಂಪೈರ್‌ನ ಮಾನಕ್ಕೂ ಅದೇ ರಕ್ಷಣೆ.

2002ರಿಂದ ಟೆಸ್ಟ್‌ಗಳಲ್ಲಿ ಇಬ್ಬರೂ ತಟಸ್ಥ ಅಂಪೈರ್‌ಗಳು ಎಂಬ ನಿಯಮ ಬಂತು. ಅದಕ್ಕಾಗಿ ರಚಿಸಿದ ಎಲೀಟ್ ಪ್ಯಾನೆಲ್‌ನಲ್ಲಿ ಭಾರತದ ಎಸ್. ವೆಂಕಟರಾಘವನ್ ಮೊದಲಿಂದಲೇ ಇದ್ದರು. ಮುಂದೆ ಬೆಂಗಳೂರಿನಲ್ಲಿ ಹುಟ್ಟಿದ ಎಸ್. ರವಿ ಕೂಡ ಆ ಪಟ್ಟಿ ಸೇರಿದರು. 2020ರಲ್ಲಿ ಕೋವಿಡ್‌ನಿಂದಾಗಿ ಪ್ರಯಾಣ ಕಷ್ಟವಾದಾಗ ಮಾತ್ರ ಆತಿಥೇಯ ದೇಶದವರೇ ನಿಲ್ಲಲು ಮತ್ತೆ ಅವಕಾಶ ಕೊಡಬೇಕಾಯಿತು.

ಮೂರನೇ ಅಂಪೈರ್ ಎಂಬ ಮೂರನೆಯವನು

1992ರ ನವೆಂಬರ್‌ನಲ್ಲಿ ಡರ್ಬನ್‌ನಲ್ಲಿ ನಡೆದ ಭಾರತ ಮತ್ತು ದಕ್ಷಿಣ ಆಫ್ರಿಕಾ ಟೆಸ್ಟ್‌ನಲ್ಲಿ ಮೊದಲ ಬಾರಿಗೆ ಟಿ.ವಿ. ನೋಡಿ ತೀರ್ಪು ಹೇಳುವ ಮೂರನೇ ಅಂಪೈರ್ ಬಂದರು. ಅವರಿಂದ ಔಟಾದ ಮೊದಲ ಬ್ಯಾಟರ್ ಸಚಿನ್ ತೆಂಡೂಲ್ಕರ್, ರನೌಟ್.

ಪದದ ಮೂಲ ಗೊತ್ತಿದ್ದವರಿಗೆ ಈ ಹೆಸರು ಕೇಳಿ ನಗು ಬರಬಹುದು. ಅಂಪೈರ್ ಎಂದರೇ ಇಬ್ಬರ ನಡುವಿನ ಮೂರನೆಯವನು. ಹಾಗಾದರೆ ಮೂರನೇ ಅಂಪೈರ್ ಎಂದರೆ 'ಮೂರನೆಯ ಮೂರನೆಯವನು' ಎಂದಂತಾಯಿತು. ಆದರೆ ಏರ್ಪಾಡು ಮಾತ್ರ ಹಳೆಯದೇ. ಮೈದಾನದಲ್ಲಿರುವ ಇಬ್ಬರಿಗೆ ಸಂಶಯ ಬಂದರೆ ಹೊರಗಿರುವ ಒಬ್ಬರಿಗೆ ರೆಫರ್ ಮಾಡುವುದು. 19ನೇ ಶತಮಾನದ ಫುಟ್‌ಬಾಲ್ ರೆಫರಿ ಮಾಡುತ್ತಿದ್ದದ್ದು ಇದನ್ನೇ.

ಕ್ಯಾಮೆರಾ ಬಂದರೆ ಎಲ್ಲ ಜಗಳವೂ ಮುಗಿಯುತ್ತದೆ ಎಂಬುದು ಇನ್ನೊಂದು ನಂಬಿಕೆ. ಹಾಗೇನೂ ಆಗಲಿಲ್ಲ. ಚೆಂಡಿನ ದಾರಿಯನ್ನು ಕಂಪ್ಯೂಟರ್ ಅಂದಾಜು ಮಾಡುವ ಡಿಆರ್‌ಎಸ್‌ನಲ್ಲೂ ಚೆಂಡು ವಿಕೆಟ್‌ನ ಅಂಚನ್ನಷ್ಟೇ ಸವರುವಂತಿದ್ದರೆ ಮೈದಾನದ ಅಂಪೈರ್ ಹೇಳಿದ್ದೇ ಉಳಿಯುತ್ತದೆ. 'ಅಂಪೈರ್ಸ್ ಕಾಲ್' ಎನ್ನುವುದು ಅದನ್ನೇ. ಯಂತ್ರದ ಲೆಕ್ಕಕ್ಕೂ ಒಂದು ಎಲ್ಲೆಯಿದೆ. ಆ ಎಲ್ಲೆಯ ಮೇಲೆ ನಿಂತ ಚೆಂಡನ್ನು ತೀರ್ಮಾನಿಸಲು ಕೊನೆಗೂ ಒಬ್ಬ ಮನುಷ್ಯ ಬೇಕು.

ನಮ್ಮ ಮಾತಿನಲ್ಲಿ: ತೀರ್ಪುಗಾರ

ಕನ್ನಡ ಪತ್ರಿಕೆಗಳು ಅಂಪೈರ್ ಎಂದೂ ಬರೆಯುತ್ತವೆ, ತೀರ್ಪುಗಾರ ಎಂದೂ ಬರೆಯುತ್ತವೆ. ತೀರ್ಪುಗಾರ ಎಂಬ ಪದವೂ ಬಿಡಿಸಿ ನೋಡಬೇಕಾದದ್ದೇ.

ನೆನೆ ಎಂಬುದರಿಂದ ನೆನಪು, ಹೊಳೆ ಎಂಬುದರಿಂದ ಹೊಳಪು ಆದಂತೆ ತೀರು ಎಂಬುದರಿಂದ ತೀರ್ಪು. ಸಾಲ ತೀರುತ್ತದೆ, ಆಸೆ ತೀರುತ್ತದೆ, ಬಾಯಾರಿಕೆ ತೀರುತ್ತದೆ. ಮುಗಿಯುವುದು ಎಂಬುದೇ ಅದರ ಅರ್ಥ. ತಮಿಳಿನಲ್ಲೂ ತೀರ್ಪ್ಪು ಎನ್ನುತ್ತಾರೆ. ಅಂದರೆ ನಮ್ಮ ಪದ ಹೇಳುವುದು ಜಗಳ ಮುಗಿಯಿತು ಎಂಬ ಮಾತನ್ನು. ಇಂಗ್ಲಿಷಿನ ಪದ ತೀರ್ಪು ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ನೋಡಿದರೆ ಕನ್ನಡದ ಪದ ಅವನು ಏನು ಮಾಡುತ್ತಾನೆ ಎಂಬುದನ್ನು ನೋಡುತ್ತದೆ. ಸಂಸ್ಕೃತದಿಂದ ನಾವು ಪಡೆದ 'ಮಧ್ಯಸ್ಥ', ಅಂದರೆ ನಡುವೆ ನಿಂತವನು ಎಂಬ ಪದ, ಅಂಪೈರ್‌ನ ಮೂಲ ಅರ್ಥಕ್ಕೆ ಹೆಚ್ಚು ಹತ್ತಿರ.

ಇನ್ನು ಕೊನೆಯ 'ಗಾರ'. ಹಾಡುಗಾರ, ಬೇಟೆಗಾರ, ಕಾವಲುಗಾರ ಎಂಬಲ್ಲಿ ಇರುವುದೂ ಅದೇ. ಉಳ್ಳಾರ್ತಿ ಕಾವಲಿನ ಹೆಸರಲ್ಲಿರುವ ಕಾವಲ್ ಕೂಡ 'ಕಾಯು' ಎಂಬ ಮೂಲದಿಂದ ಬಂದದ್ದು, ಕಾಯ್ದಿಟ್ಟ ಜಾಗ ಎಂದು. ಕಾವಲುಗಾರ, ತೀರ್ಪುಗಾರ ಎರಡೂ ಪದಗಳು ಕೇಳಲು ಅಣ್ಣತಮ್ಮಂದಿರಂತಿವೆ. ಆದರೆ ಕೆಲಸ ತದ್ವಿರುದ್ಧ. ಕಾವಲುಗಾರ ಯಾರಾದರೊಬ್ಬರ ಪರವಾಗಿ ಕಾಯಲೇಬೇಕು, ಅದೇ ಅವನ ನಿಯತ್ತು. ತೀರ್ಪುಗಾರ ಯಾರ ಪರವಾಗಿಯೂ ಇರಬಾರದು. ಕಾವಲುಗಾರನನ್ನೇ ತೀರ್ಪುಗಾರನಾಗಿ ನಿಲ್ಲಿಸಿದರೆ ಎರಡರಲ್ಲಿ ಒಂದು ನಿಯತ್ತು ಕೆಡುತ್ತದೆ.

ಹಾಗಾದರೆ ನಮ್ಮ ಬಯಲಿನ ಹುಡುಗ?

ಮತ್ತೆ ಅದೇ ಸಂಜೆಗೆ ಹೋಗೋಣ. ಬ್ಯಾಟಿಂಗ್ ತಂಡದ ಹುಡುಗನನ್ನು ಅಂಪೈರ್ ಆಗಿ ನಿಲ್ಲಿಸಿದಾಗ ನಾವು ಅವನಿಗೆ ಎಂಥ ಭಾರ ಹೊರಿಸುತ್ತೇವೆ ನೋಡಿ. ಔಟ್ ಕೊಟ್ಟರೆ ಸ್ವಂತ ತಂಡದವರು ಬೈಯುತ್ತಾರೆ, ಮುಂದಿನ ಆಟಕ್ಕೆ ಕರೆಯುವುದಿಲ್ಲ. ಕೊಡದಿದ್ದರೆ ಎದುರಿನವರು ಮೋಸಗಾರ ಎನ್ನುತ್ತಾರೆ. ಅವನು ಕಣ್ಣಾರೆ ಕಂಡದ್ದನ್ನೇ ಹೇಳಿದರೂ ನಂಬುವವರಿಲ್ಲ. ತಪ್ಪು ಅವನದಲ್ಲ, ಅವನನ್ನು ನಿಲ್ಲಿಸಿದ ಜಾಗದ್ದು.

ದಿನದ ಆಟಕ್ಕೆ ಬೇರೆ ದಾರಿಯಿಲ್ಲ ಎನ್ನಬಹುದು, ಇರುವುದೇ ಹತ್ತು ಜನ. ಆದರೆ ಜಾತ್ರೆಗೋ ಹಬ್ಬಕ್ಕೋ ಬಹುಮಾನವಿಟ್ಟು ಟೂರ್ನಮೆಂಟ್ ನಡೆಸುವಾಗ ದಾರಿ ಸುಲಭ. ಆಡುತ್ತಿರುವ ಎರಡು ತಂಡಗಳನ್ನು ಬಿಟ್ಟು ಮೂರನೇ ತಂಡದಿಂದ ಇಬ್ಬರನ್ನು ನಿಲ್ಲಿಸಿ. ಟೂರ್ನಮೆಂಟ್ ನಡೆಸುವ ಊರಿನ ತಂಡವೇ ಫೈನಲ್‌ಗೆ ಬಂದರೆ ಪಕ್ಕದ ಊರಿನವರನ್ನು ಕರೆಯಿರಿ. ಟಾಸ್ ಹಾಕುವ ಮೊದಲೇ ಎರಡೂ ನಾಯಕರ ಬಾಯಲ್ಲಿ "ಇವರು ನಮಗೆ ಒಪ್ಪಿಗೆ" ಎಂದು ಹೇಳಿಸಿ. ಇಬ್ಬರಿಗೂ ಸಂಶಯ ಬಂದರೆ ಕೇಳಲು ಹೊರಗೊಬ್ಬರನ್ನು ಕೂರಿಸಿ. ಅವರು ಊರಿನ ದೊಡ್ಡ ಮನುಷ್ಯರೇ ಆಗಬೇಕಿಲ್ಲ, ನಿಯಮ ಗೊತ್ತಿದ್ದು ಗೆಲ್ಲುವವರು ಯಾರೆಂಬುದರಲ್ಲಿ ಪಾಲಿಲ್ಲದಿದ್ದರೆ ಸಾಕು. ಹೆಂಡದಂಗಡಿಯ ರಾಬಿನ್ ಹಗ್ಗ ಹೊಸೆಯುವವನಾಗಿದ್ದ.

ಅಂಪೈರ್ ತಪ್ಪು ಮಾಡಬಹುದು. ಬಕ್ನರ್ ಮಾಡಿದ್ದಾರೆ, ಎಲ್ಲರೂ ಮಾಡಿದ್ದಾರೆ. ಬೆಸದವನ ತಪ್ಪನ್ನು ನಾವು ಒಂದು ದಿನ ಬೈದು ಮರೆಯುತ್ತೇವೆ. ಜೋಡಿಯವನ ಸರಿಯಾದ ತೀರ್ಪನ್ನು ಮಾತ್ರ ವರ್ಷಗಟ್ಟಲೆ ಅನುಮಾನಿಸುತ್ತೇವೆ. ಆರು ನೂರು ವರ್ಷಗಳ ಹಿಂದೆ ಈ ಪದವನ್ನು ಬಳಸಿದವರಿಗೆ ಅದು ಗೊತ್ತಿತ್ತು. 'ನ' ಕಳೆದುಹೋದರೂ ಅರ್ಥ ಕಳೆದುಹೋಗದಿರಲಿ.